ಎಲೆಮರೆಯ ಬ್ಯೂಕು, ಎಲೆ ಸರಿಸುವ ಕಸುಬು

ಅಮೆರಿಕದ ಮೋಟಾರು ಪತ್ರಿಕೆಗಳ ಕಚೇರಿಯಲ್ಲಿ ಒಂದೇ ಮೇಜಿನ ಮೇಲೆ ಎರಡು ಕಸುಬು ನಡೆಯುತ್ತವೆ. ಮೊದಲನೆಯದು, ಒಂದು ಕಾರನ್ನು ಕಂಡೂ ಕಾಣದವರಂತೆ ಮುಂದಿನ ಪುಟಕ್ಕೆ ಹೋಗುವುದು. ಎರಡನೆಯದು, ಹತ್ತಿಪ್ಪತ್ತು ವರ್ಷ ಬಿಟ್ಟು ಅದೇ ಕಾರನ್ನು ‘ಯಾರೂ ಗಮನಿಸದ ರತ್ನ’ ಎಂದು ಮುಖಪುಟಕ್ಕೆ ಏರಿಸುವುದು. ಎರಡಕ್ಕೂ ಸಂಬಳ ಉಂಟು. ಗಮನಿಸದೆ ಹೋದವರು ಯಾರಪ್ಪಾ ಎಂಬ ಪ್ರಶ್ನೆಯನ್ನು ಮಾತ್ರ ಅಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಅಟ್ಟದ ಮೇಲಿನ ಹಳೆಯ ಸಂಚಿಕೆಗಳನ್ನು ಇಳಿಸಬೇಕಾಗುತ್ತದೆ, ಧೂಳು ಜಾಸ್ತಿ.

ಈ ಎರಡು ಕಸುಬುಗಳ ನಡುವೆ ಸಿಕ್ಕಿ ಹದಿನಾಲ್ಕು ವರ್ಷ ಅಜ್ಞಾತವಾಸ ಮಾಡಿದ ಕಾರು 1970ರ ಬ್ಯೂಕ್ ಜಿಎಸ್ 455 ಸ್ಟೇಜ್ 1. ಮಸಲ್ ಕಾರುಗಳ ಕಾಲದ್ದು. ಮಸಲ್ ಕಾರೆಂದರೆ ಏನು ಎಂದು ಕೇಳುವವರಿಗೆ: ಹೆಂಡತಿ ಮಕ್ಕಳನ್ನು ಭಾನುವಾರ ಚರ್ಚಿಗೆ ಕರೆದೊಯ್ಯಲೆಂದು ಮಾಡಿದ ಮಧ್ಯಮ ಗಾತ್ರದ ಕಾರಿಗೆ ಲಾರಿಗಾಗುವಂಥ ವಿ8 ಇಂಜಿನ್ನು ತುರುಕಿ, ತಿರುವು ಮತ್ತು ಬ್ರೇಕಿನ ವಿಚಾರವನ್ನು ದೇವರ ಮೇಲೆ ಹಾಕಿ, ಇಪ್ಪತ್ತೆರಡರ ಹುಡುಗರಿಗೆ ಕಂತಿನಲ್ಲಿ ಮಾರುವುದು. 1964ರಲ್ಲಿ ಪಾಂಟಿಯಾಕ್ ಜಿಟಿಒ ಬಂದಾಗ ಜೋರಾಗಿ ಶುರುವಾದ ಈ ಜಾತ್ರೆ 1972ರ ಹೊತ್ತಿಗೆ ತೇರು ಇಳಿದು ಅಂಗಡಿ ಕಿತ್ತಾಗಿತ್ತು.

1970ರ ಜನವರಿ ಸಂಚಿಕೆಗೆಂದು ‘ಮೋಟಾರ್ ಟ್ರೆಂಡ್’ ಪತ್ರಿಕೆ ಈ ಬ್ಯೂಕನ್ನು ಓಡಿಸಿ ನೋಡಿತು. ನಿಂತಲ್ಲಿಂದ ಕಾಲು ಮೈಲಿ, ಅಂದರೆ 402 ಮೀಟರು, 13.38 ಸೆಕೆಂಡಿನಲ್ಲಿ. ಗೆರೆ ದಾಟುವಾಗ ಗಂಟೆಗೆ 105.5 ಮೈಲಿ ವೇಗ, ನಮ್ಮ ಲೆಕ್ಕದಲ್ಲಿ ಸುಮಾರು 170 ಕಿಲೋಮೀಟರು. ಬೀದಿಯ ಹುಲಿಗಳೆಂದು ಹೆಸರಾದ ಕಾರುಗಳೇ ಹದಿನಾಲ್ಕು ಸೆಕೆಂಡಿನ ಆಚೀಚೆ ಗುದ್ದಾಡುತ್ತಿದ್ದ ಕಾಲ ಅದು. ಪತ್ರಿಕೆ ಸಂಖ್ಯೆಯನ್ನು ಅಚ್ಚು ಹಾಕಿತು. ಓದುಗರು ಓದಿದರು. ಆಮೇಲೆ ಎಲ್ಲರೂ ಒಮ್ಮತದಿಂದ ಮರೆತರು.

ಯಾಕೆ ಮರೆತರು? ಮೂತಿಯ ಮೇಲೆ ಬ್ಯೂಕ್ ಎಂದು ಬರೆದಿತ್ತು, ಅದಕ್ಕೆ.

ಜನರಲ್ ಮೋಟಾರ್ಸಿನ ಮನೆಯೊಳಗೆ ಆಗ ಐದು ಜಾತಿ. 1920ರ ದಶಕದಲ್ಲೇ ಆಲ್‌ಫ್ರೆಡ್ ಸ್ಲೋನ್ ಕಟ್ಟಿಟ್ಟ ಶ್ರೇಣಿ ಅದು: ಕೆಳಗೆ ಶೆವರ್ಲೆ, ಅದರ ಮೇಲೆ ಪಾಂಟಿಯಾಕ್, ಆಮೇಲೆ ಓಲ್ಡ್ಸ್‌ಮೊಬೈಲ್, ಅದರ ನೆತ್ತಿಗೆ ಬ್ಯೂಕ್, ಎಲ್ಲಕ್ಕೂ ಮೇಲೆ ಕ್ಯಾಡಿಲಾಕ್. ಮೊದಲ ಸಂಬಳಕ್ಕೆ ಶೆವರ್ಲೆ ಕೊಂಡ ಹುಡುಗ ಬಡ್ತಿ ಸಿಕ್ಕಿದ ಹಾಗೆಲ್ಲ ಒಂದೊಂದೇ ಮೆಟ್ಟಿಲು ಹತ್ತಿ, ಮೊಮ್ಮಕ್ಕಳಾಗುವ ಹೊತ್ತಿಗೆ ಕ್ಯಾಡಿಲಾಕಿನ ಹಿಂದಿನ ಸೀಟಿಗೆ ಸೇರಬೇಕೆಂಬುದು ಯೋಜನೆ. ಇದರಲ್ಲಿ ಬ್ಯೂಕ್ ಎಂದರೆ ಊರ ಡಾಕ್ಟರ ಕಾರು. ಕ್ಯಾಡಿಲಾಕಿಗೆ ದುಡ್ಡಿದ್ದೂ, ಅದನ್ನು ಬಾಗಿಲಲ್ಲಿ ನಿಲ್ಲಿಸಿದರೆ ರೋಗಿಗಳು ಫೀಸಿನ ಲೆಕ್ಕ ಹಾಕುತ್ತಾರೆಂದು ಹೆದರುವವರ ಕಾರು. ಬ್ಯಾಂಕಿನ ಮ್ಯಾನೇಜರು, ವಿಮೆ ಕಂಪನಿಯ ವಕೀಲರು, ಗಂಡ ಬಿಟ್ಟುಹೋದ ಆಸ್ತಿಯನ್ನು ಜೋಪಾನವಾಗಿ ನಡೆಸುವ ವಿಧವೆಯರು, ಇವರೆಲ್ಲ ಬ್ಯೂಕಿನವರು. ಅಗ್ರಹಾರದ ಶಾಸ್ತ್ರಿಗಳು ಗರಡಿಗಿಳಿದು ಲಂಗೋಟಿ ಬಿಗಿದರೆ ಊರು ಕುಸ್ತಿ ನೋಡುವುದಿಲ್ಲ, ಲಂಗೋಟಿ ನೋಡುತ್ತದೆ. ಬ್ಯೂಕಿಗೆ ಆದದ್ದೂ ಅದೇ.

ಶಾಸ್ತ್ರಿಗಳು ಗರಡಿಗೆ ಇಳಿದ ಕತೆಯೂ ಸ್ವಾರಸ್ಯವಾಗಿದೆ. ಮಧ್ಯಮ ಗಾತ್ರದ ಕಾರಿಗೆ ಇಷ್ಟಕ್ಕಿಂತ ದೊಡ್ಡ ಇಂಜಿನ್ನು ಹಾಕಕೂಡದೆಂದು ಜನರಲ್ ಮೋಟಾರ್ಸಿನ ಮೇಲಿನವರು ಒಂದು ಕಟ್ಟಳೆ ಹಾಕಿದ್ದರು. ಮೊದಲು 330 ಘನ ಇಂಚು ಮಿತಿ. ಪಾಂಟಿಯಾಕಿನವರು ಅದನ್ನು ಮುರಿಯಲಿಲ್ಲ, ಸುಮ್ಮನೆ ಪಕ್ಕಕ್ಕೆ ಹಾಯ್ದು ಹೋದರು: ಟೆಂಪೆಸ್ಟ್ ಎಂಬ ಸಾಧು ಕಾರಿಗೆ 295 ಡಾಲರಿನ ‘ಐಚ್ಛಿಕ ಸಾಮಾನು’ ಎಂದು ಬರೆದು 389 ಘನ ಇಂಚಿನ ಇಂಜಿನ್ನನ್ನು ಒಳಗೆ ತಂದರು. ಕಟ್ಟಳೆ ಇದ್ದದ್ದು ಕಾರಿಗೆ, ಸಾಮಾನಿಗಲ್ಲವಲ್ಲ! ಜಿಟಿಒ ಹುಟ್ಟಿದ್ದು ಹೀಗೆ. ಅದು ಮೂವತ್ತೆರಡು ಸಾವಿರ ಮಾರಾಟವಾದ ಮೇಲೆ ಮೇಲಿನವರಿಗೆ ಜ್ಞಾನೋದಯವಾಗಿ ಮಿತಿ 400ಕ್ಕೆ ಏರಿತು.

1965ರಲ್ಲಿ ಬ್ಯೂಕಿನ ಸರದಿ. ಅವರ ಹತ್ತಿರ ಸಿದ್ಧವಾಗಿದ್ದ ಇಂಜಿನ್ನು 401 ಘನ ಇಂಚು. ಒಂದೇ ಒಂದು ಇಂಚು ಹೆಚ್ಚು. ಎಂಜಿನಿಯರುಗಳು ತಲೆ ಕೆಡಿಸಿಕೊಳ್ಳಲಿಲ್ಲ, ಸಿಲಿಂಡರನ್ನು ಕಿರಿದು ಮಾಡುವ ಗೋಜಿಗೂ ಹೋಗಲಿಲ್ಲ. ಕಾಗದದಲ್ಲಿ 400 ಎಂದು ಬರೆದರು. ಮುಗಿಯಿತು. ಆದರೆ ಜಂಬ ಸುಮ್ಮನಿರುತ್ತದೆಯೇ? ಏರ್ ಕ್ಲೀನರಿನ ಮೇಲೆ ‘ವೈಲ್ಡ್‌ಕ್ಯಾಟ್ 445’ ಎಂದು ಹಣೆಪಟ್ಟಿ ಹಚ್ಚಿದರು. 445 ಎಂಬುದು ಇಂಜಿನ್ನಿನ ಗಾತ್ರವಲ್ಲ, ಟಾರ್ಕು, ಅಂದರೆ ತಿರುಗಿಸುವ ಬಲ. ಅಂತೂ ಒಂದೇ ಇಂಜಿನ್ನಿಗೆ ಮೂರು ಸಂಖ್ಯೆ: ಇದ್ದದ್ದು ಒಂದು, ಮೇಲಿನವರಿಗೆ ಒಂದು, ಗಿರಾಕಿಗೆ ಒಂದು. ತೆರಿಗೆ ಇಲಾಖೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ವರ್ಷದ ಜಾಹೀರಾತು ಈ ಕಾರನ್ನು ಇಟ್ಟುಕೊಳ್ಳುವುದೆಂದರೆ ಸ್ವಂತಕ್ಕೊಂದು ಅಣ್ವಸ್ತ್ರ ಇಟ್ಟುಕೊಂಡ ಹಾಗೆ ಎಂಬ ಅರ್ಥದ ಮಾತಾಡಿತು. ಕ್ಯೂಬಾದ ಕ್ಷಿಪಣಿ ಗಲಾಟೆ ಮುಗಿದು ಇನ್ನೂ ಮೂರು ವರ್ಷವಾಗಿರಲಿಲ್ಲ. ಡಾಕ್ಟರುಗಳು ಆ ಪುಟವನ್ನು ತಿರುವಿ ಹಾಕಿ ಬ್ಯೂಕಿನದೇ ದೊಡ್ಡ ಕಾರಾದ ಎಲೆಕ್ಟ್ರಾದ ಜಾಹೀರಾತು ನೋಡಿದರೆಂದು ಕಾಣುತ್ತದೆ.

1970ಕ್ಕೆ ಮಿತಿಯನ್ನೇ ತೆಗೆದುಹಾಕಿದರು. ಬ್ಯೂಕು 455 ಘನ ಇಂಚಿನ ಇಂಜಿನ್ನನ್ನು ಇಳಿಸಿತು. 455 ಘನ ಇಂಚೆಂದರೆ ಹತ್ತಿರ ಹತ್ತಿರ ಏಳೂವರೆ ಲೀಟರು. ನಮ್ಮ ಮಾರುತಿ 800ರ ಒಂಬತ್ತು ಇಂಜಿನ್ನುಗಳನ್ನು ಕೂಡಿಸಿ, ಕಡಿಮೆ ಬಿದ್ದದ್ದಕ್ಕೆ ಎರಡು ಬಜಾಜ್ ಚೇತಕ್ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಟಾರ್ಕು 510 ಪೌಂಡ್-ಅಡಿ, ಅದೂ ಇಂಜಿನ್ನು ನಿಮಿಷಕ್ಕೆ 2,800 ಸುತ್ತು ಸುತ್ತುವಾಗಲೇ. ಬೇರೆಯವರ ಕಾರುಗಳು ಕಿರುಚಿ ಅರಚಿ ಮಾಡುವ ಕೆಲಸವನ್ನು ಇದು ಗಂಟಲು ಸರಿಪಡಿಸಿಕೊಳ್ಳುವಷ್ಟು ಸದ್ದಿನಲ್ಲಿ ಮಾಡುತ್ತಿತ್ತು.

ಇನ್ನು ಕುದುರೆಬಲದ ಲೆಕ್ಕ. ಮಾಮೂಲಿ 455ಕ್ಕೆ ಬ್ಯೂಕು ಬರೆದದ್ದು 350. ಸುಮಾರು 200 ಡಾಲರು ಹೆಚ್ಚಿಗೆ ಕೊಟ್ಟರೆ ಸ್ಟೇಜ್ 1: ದೊಡ್ಡ ವಾಲ್ವು, ಖಡಕ್ ಕ್ಯಾಮ್‌ಶಾಫ್ಟು, ಬೇರೆಯೇ ಹದ ಮಾಡಿದ ಕಾರ್ಬುರೇಟರು. ಇಷ್ಟೆಲ್ಲ ಮಾಡಿದ ಮೇಲೆ ಹೆಚ್ಚಾದದ್ದು ಹತ್ತೇ ಕುದುರೆ, ಒಟ್ಟು 360 ಎಂದು ಕಂಪನಿ ಮುಖದ ಗೆರೆ ಕದಲಿಸದೆ ಹೇಳಿತು. ಬಲ್ಲವರು ನಾನೂರಕ್ಕೂ ಮೇಲೆ ಎನ್ನುತ್ತಾರೆ. ಸುಳ್ಳು ಹೇಳಿದ್ದು ಯಾರಿಗೆ? ಹಿಂದೆ ಮೇಲಿನವರಿಗೆ ಹೇಳುತ್ತಿದ್ದರು, ಈಗ ವಿಮೆ ಕಂಪನಿಗೆ. ಇಪ್ಪತ್ತೈದು ದಾಟದ ಹುಡುಗ, ದೊಡ್ಡ ಇಂಜಿನ್ನು ಎರಡೂ ಕೂಡಿದರೆ ಪ್ರೀಮಿಯಮ್ಮು ಕಾರಿನ ಕಂತನ್ನೇ ಮೀರಿಸುವ ಕಾಲ ಬಂದಿತ್ತು. ಅರವತ್ತರ ದಶಕವಿಡೀ ಕುದುರೆಗಳನ್ನು ಬಣ್ಣ ಬಳಿದು ಮೆರವಣಿಗೆ ಮಾಡಿಸಿದ ಡೆಟ್ರಾಯಿಟು ದಶಕದ ಕೊನೆಗೆ ಅವನ್ನೇ ಹಿತ್ತಲಲ್ಲಿ ಬಚ್ಚಿಡತೊಡಗಿತು.

ಅದೇ ವರ್ಷದ ನಡುವೆ ಬಂದದ್ದು ಜಿಎಸ್‌ಎಕ್ಸ್. ಡಾಕ್ಟರ ಕಾರು ಕೊನೆಗೂ ಮರ್ಯಾದೆ ಬಿಟ್ಟದ್ದು ಇಲ್ಲಿ. ಬಣ್ಣ ಎರಡೇ. ಅಪೋಲೋ ವೈಟ್ ಎಂಬ ಬಿಳಿ, ಇಲ್ಲವೇ ಸ್ಯಾಟರ್ನ್ ಯೆಲ್ಲೊ ಎಂಬ ಹಳದಿ. ಆ ಹಳದಿಯನ್ನು ಬಿಸಿಲಲ್ಲಿ ಹತ್ತಿರದಿಂದ ನೋಡಬೇಕು. ಕಣ್ಣು ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಬಾನೆಟ್ಟಿನ ಮೇಲೆ ಎರಡು ಅಗಲ ಕಪ್ಪು ಪಟ್ಟೆ. ಪಕ್ಕೆಯುದ್ದಕ್ಕೂ ಓಡಿ, ಹಿಂದೆ ಡಿಕ್ಕಿಯ ಮೇಲಿನ ಸ್ಪಾಯ್ಲರನ್ನು ಹತ್ತಿ ಆ ಕಡೆ ಇಳಿಯುವ ಇನ್ನೊಂದು ಕಪ್ಪು ಪಟ್ಟೆ, ಅದರ ಅಂಚಿಗೆ ಸಣ್ಣ ಕೆಂಪು ಗೆರೆ. ಇಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರು ಡ್ಯಾಶ್‌ಬೋರ್ಡಿನಲ್ಲಿಲ್ಲ, ಬಾನೆಟ್ಟಿನ ಮೇಲೆ, ಗಾಜಿನ ಆಚೆ, ಮಳೆ ಬಂದರೆ ನೆನೆಯುತ್ತ ಕೂತಿರುತ್ತದೆ. ಈ ಅಲಂಕಾರ, ಬಿಗಿ ಸಸ್ಪೆನ್ಷನ್ನು, ಅಗಲ ಟಯರು ಎಲ್ಲ ಸೇರಿ 1,196 ಡಾಲರು ಹೆಚ್ಚುವರಿ. 1970ರಲ್ಲಿ ಇಡೀ ಅಮೆರಿಕ ಸೇರಿ ಕೊಂಡದ್ದು 678 ಕಾರು. ಇಂಥ ಹಳದಿಯಲ್ಲಿ, ಇಷ್ಟು ಪಟ್ಟೆ ಬಳಿದುಕೊಂಡು, ಇಷ್ಟು ವೇಗವಾಗಿ ಓಡಿದರೂ ಕಣ್ಣಿಗೆ ಬೀಳದೆ ಉಳಿಯುವುದಿದೆಯಲ್ಲ, ಅದು ಸಾಧಾರಣ ಸಿದ್ಧಿಯಲ್ಲ.

ಹಾಗಾದರೆ ಪತ್ರಿಕೆಗಳು ಆಗ ಯಾರಿಗೆ ಆರತಿ ಎತ್ತುತ್ತಿದ್ದವು? ‘ಮೋಟಾರ್ ಟ್ರೆಂಡ್’ ವರ್ಷಕ್ಕೊಂದು ಕಾರಿಗೆ ‘ವರ್ಷದ ಕಾರು’ ಎಂಬ ಕಿರೀಟ ಇಡುತ್ತದೆ. 1969ರಲ್ಲಿ ಅದು ಪ್ಲಿಮತ್ ರೋಡ್ ರನ್ನರಿಗೆ ಸಿಕ್ಕಿತು. ವ್ಯಂಗ್ಯಚಿತ್ರದ ಹಕ್ಕಿಯೊಂದರ ಹೆಸರು, ಚಿತ್ರ ಬಳಸಲು ವಾರ್ನರ್ ಬ್ರದರ್ಸಿಗೆ ಪ್ಲಿಮತ್ 50,000 ಡಾಲರು ಕೊಟ್ಟಿತ್ತು, ಹಾರನ್ನು ಒತ್ತಿದರೆ ಆ ಹಕ್ಕಿಯ ಹಾಗೇ ಕೂಗುತ್ತಿತ್ತು. 1970ರಲ್ಲಿ ಫೋರ್ಡ್ ಟೊರಿನೊಗೆ. 1971ರಲ್ಲಿ, ಇಲ್ಲಿ ಸ್ವಲ್ಪ ಕುಳಿತುಕೊಳ್ಳಿ, ಶೆವರ್ಲೆ ವೆಗಾಗೆ.

ವೆಗಾದ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುವುದು ಅನ್ಯಾಯ. ಅದರ ಇಂಜಿನ್ನು ಅಲ್ಯುಮಿನಿಯಮ್ಮಿನದು, ಸಿಲಿಂಡರಿನೊಳಗೆ ಕಬ್ಬಿಣದ ಲೈನರು ಇಲ್ಲ. ಸ್ವಲ್ಪ ಕಾದರೆ ಮುನಿಯುತ್ತಿತ್ತು, ಮುನಿದರೆ ಸಿಲಿಂಡರು ಸವೆದು ಪೆಟ್ರೋಲಿನ ಜತೆಗೆ ಆಯಿಲನ್ನೂ ಕುಡಿಯುತ್ತಿತ್ತು. ಮುಂದಿನ ಮಡ್ಗಾರ್ಡುಗಳು ಮೊದಲ ಕೆಲವು ಚಳಿಗಾಲದಲ್ಲೇ ತುಕ್ಕು ಹಿಡಿದು ಜಾಲರಿಯಾಗುತ್ತಿದ್ದವು. ಆಗ ಶೆವರ್ಲೆಯ ಮುಖ್ಯಸ್ಥರಾಗಿದ್ದ ಜಾನ್ ಡಿಲೋರಿಯನ್ ಅವರೇ ಆಮೇಲೆ ಹೇಳಿಕೊಂಡ ಪ್ರಕಾರ, ಮೊದಲ ಮಾದರಿ ಕಾರನ್ನು ಪರೀಕ್ಷೆಗೆ ಓಡಿಸಿದಾಗ ಎಂಟೇ ಮೈಲಿಗೆ ಅದರ ಮುಂಭಾಗ ಕಳಚಿಬಿತ್ತು. ಸಾಗಣೆಯ ಖರ್ಚು ಉಳಿಸಲು ಕಾರುಗಳನ್ನು ಮೂತಿ ಕೆಳಗೆ ಮಾಡಿ, ನೆಟ್ಟಗೆ ನಿಲ್ಲಿಸಿ, ರೈಲಿನ ಒಂದೊಂದು ವ್ಯಾಗನ್ನಿಗೆ ಮೂವತ್ತರಂತೆ ತುಂಬುತ್ತಿದ್ದರು. ಅಷ್ಟು ದೂರ ತಲೆಕೆಳಗಾಗಿ ಬಂದ ಕಾರಿಗೆ ಲೋಕವೇ ತಲೆಕೆಳಗಾಗಿ ಕಂಡಿದ್ದರೆ ಅದರ ತಪ್ಪಲ್ಲ. ಆದರೆ ಪತ್ರಿಕೆಯವರು ನೆಟ್ಟಗೆ ಕಾಲ ಮೇಲೆಯೇ ನಿಂತಿದ್ದರಲ್ಲ? ಮೂರು ವರ್ಷ ಕಳೆದು 1974ರ ಕಿರೀಟ ಮಸ್ಟಾಂಗ್ 2ಕ್ಕೆ ಹೋಯಿತು, ಪಿಂಟೊ ಎಂಬ ಅಗ್ಗದ ಕಾರಿನ ಅಸ್ಥಿಯ ಮೇಲೆ ಕಟ್ಟಿದ್ದಕ್ಕೆ. ಆ ಸುದ್ದಿ ಬಿಡಿ.

ಪತ್ರಿಕೆ ಅಳೆದದ್ದನ್ನು ನಂಬಬೇಕೇ ಎಂದು ಓದುಗರು ಕೇಳಿದ್ದರೆ ಅದಕ್ಕೂ ಕಾರಣ ಇತ್ತು. 1964ರ ಮಾರ್ಚಿನ ‘ಕಾರ್ ಅಂಡ್ ಡ್ರೈವರ್’ ಮುಖಪುಟದಲ್ಲಿ ಪಾಂಟಿಯಾಕ್ ಜಿಟಿಒ ಮತ್ತು ಫೆರಾರಿ ಜಿಟಿಒ ಎದುರುಬದುರು ಓಡುತ್ತಿದ್ದವು. ಹೆಸರನ್ನು ಪಾಂಟಿಯಾಕು ಎತ್ತಿದ್ದೇ ಫೆರಾರಿಯಿಂದ, ಈಗ ಜಗಳಕ್ಕೂ ಕರೆದಿತ್ತು. ಮುಖಪುಟದ್ದು ಫೋಟೋ ಅಲ್ಲ, ಬಿಡಿಸಿದ ಚಿತ್ರ. ಫೋಟೋ ತೆಗೆಯಲು ಫೆರಾರಿ ಬೇಕಲ್ಲ? ಪತ್ರಿಕೆಯವರಿಗೆ ಹೋಲಿಕೆಗೆ ಫೆರಾರಿ ಸಿಗಲೇ ಇಲ್ಲ. ಬಂದ ಪಾಂಟಿಯಾಕಾದರೂ ಶುದ್ಧವೇ ಎಂದರೆ ಅದೂ ಇಲ್ಲ: 389ರ ಜಾಗದಲ್ಲಿ ಗುಟ್ಟಾಗಿ 421 ಘನ ಇಂಚಿನ ಇಂಜಿನ್ನು ಕೂರಿಸಿ ಕಳಿಸಿದ್ದರು. ಪಾಂಟಿಯಾಕಿನ ಪ್ರಚಾರದ ಹಿಂದಿನ ಮಿದುಳಾದ ಜಿಮ್ ವ್ಯಾಂಗರ್ಸ್ ದಶಕಗಳ ನಂತರ ತಮ್ಮ ನೆನಪಿನ ಪುಸ್ತಕದ ಕಾಲಕ್ಕೆ ಇದನ್ನು ಬಾಯಿಬಿಟ್ಟು ಒಪ್ಪಿಕೊಂಡರು. ಬಾರದ ಎದುರಾಳಿಯ ಮುಂದೆ, ತನ್ನದಲ್ಲದ ಇಂಜಿನ್ನಿನಿಂದ, ಕಾಗದದ ಮೇಲೆ ಗೆದ್ದ ಕಾರು ಅದು. ಈ ಸಂಚಿಕೆ ಪಾಂಟಿಯಾಕಿಗೆ ದಂತಕತೆಯನ್ನೂ ಪತ್ರಿಕೆಗೆ ಹೆಸರನ್ನೂ ತಂದುಕೊಟ್ಟಿತು. ಬ್ಯೂಕಿನ ಪಾಪ ಏನೆಂದರೆ ಅದು ಓಡಿ ತೋರಿಸಿತು.

1971ಕ್ಕೆ ಕಂಪ್ರೆಷನ್ನು ಇಳಿಯಿತು. ಸೀಸವಿಲ್ಲದ ಪೆಟ್ರೋಲು ಬರಲಿತ್ತು, ಹೊಗೆಯ ಕಾಯಿದೆ ಬಂದಾಗಿತ್ತು. 1972ಕ್ಕೆ ಕುದುರೆಗಳನ್ನು ಎಣಿಸುವ ರೀತಿಯೇ ಬದಲಾಗಿ, ಸೈಲೆನ್ಸರು, ಫ್ಯಾನು, ಬೆಲ್ಟು ಎಲ್ಲ ಹಚ್ಚಿ ಅಳೆದಾಗ ಸ್ಟೇಜ್ 1ರ ಹೆಸರಿಗೆ ಉಳಿದದ್ದು 270. 1973ರಲ್ಲಿ ಅರಬ್ಬರು ತೈಲದ ನಲ್ಲಿ ಮುಚ್ಚಿದರು. ಜಿಎಸ್‌ಗಳು ಸೆಕೆಂಡ್‌ಹ್ಯಾಂಡ್ ಅಂಗಡಿಗಳ ಹಿಂಸಾಲಿಗೆ ಸರಿದವು. ಹಿಮಕ್ಕೆಂದು ರಸ್ತೆಗೆ ಸುರಿದ ಉಪ್ಪು ಎಷ್ಟೋ ಕಾರುಗಳನ್ನು ತಿಂದು ತೇಗಿತು.

ಮತ್ತೆ ಬಂದಿತಪ್ಪಾ 1984. ‘ಮಸಲ್ ಕಾರ್ ರಿವ್ಯೂ’ ಎಂಬ ಪತ್ರಿಕೆ ಆ ಯುಗದ ಐವತ್ತು ಅತಿವೇಗದ ಕಾರುಗಳ ಪಟ್ಟಿ ಮಾಡಿತು. ಪಟ್ಟಿಗಾಗಿ ಯಾವ ಕಾರನ್ನೂ ಹೊಸದಾಗಿ ಓಡಿಸಲಿಲ್ಲ. ಹಳೆಯ ಪತ್ರಿಕೆಗಳಲ್ಲಿ ಅಚ್ಚಾಗಿದ್ದ ಕಾಲು ಮೈಲಿಯ ಸಮಯಗಳನ್ನು ಹೆಕ್ಕಿ, ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದರು, ಅಷ್ಟೆ. ಪ್ರೈಮರಿ ಶಾಲೆಯ ಮಗು ಮಾಡಬಹುದಾದ ಕೆಲಸ. ಮೊದಲ ಸ್ಥಾನ 427 ಕೋಬ್ರಾಗೆ, ಎರಡನೆಯದು 427 ಕಾರ್ವೆಟ್ಟಿಗೆ. ಇವೆರಡೂ ಎರಡೇ ಸೀಟಿನ ಸ್ಪೋರ್ಟ್ಸ್ ಕಾರುಗಳು, ಹುಟ್ಟಿದ್ದೇ ಓಡಲಿಕ್ಕೆ. ಮೂರನೆಯ ಸ್ಥಾನದಲ್ಲಿ, ಹೆಂಡತಿ ಮಕ್ಕಳು ಸಾಮಾನು ಸರಂಜಾಮು ಹಿಡಿಸುವ ಕಾರುಗಳಿಗೆಲ್ಲ ಮೊದಲು, 13.38 ಸೆಕೆಂಡಿನ ಬ್ಯೂಕು.

ನೆನಪಿಡಿ, ಸಂಖ್ಯೆ ಅದೇ. 1970ರಲ್ಲಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡ ಪತ್ರಿಕೆಯಲ್ಲಿ ಇದ್ದ ಅದೇ ನಾಲ್ಕು ಅಂಕೆ, ಮಧ್ಯೆ ಒಂದು ಚುಕ್ಕಿ. ಆಗ ಅದು ಲೇಖನದ ಹೊಟ್ಟೆಯಲ್ಲಿತ್ತು, ಈಗ ಪಟ್ಟಿಯ ನೆತ್ತಿಯಲ್ಲಿತ್ತು. ಕಾರು ಈ ಹದಿನಾಲ್ಕು ವರ್ಷದಲ್ಲಿ ಒಂದು ಕೂದಲೆಳೆಯೂ ವೇಗ ಹೆಚ್ಚಿಸಿಕೊಂಡಿರಲಿಲ್ಲ, ತುಕ್ಕು ಹಿಡಿದಿದ್ದರೆ ಕಡಿಮೆಯೇ ಮಾಡಿಕೊಂಡಿತ್ತು. ಆದರೂ ಭೂಕಂಪವಾಯಿತು. ಎಲ್ಲರಿಗಿಂತ ಹೆಚ್ಚು ನೊಂದವರು ಕ್ರೈಸ್ಲರಿನ 426 ಹೆಮಿ ಇಂಜಿನ್ನಿನ ಭಕ್ತರು. ಆನೆ ಎಂದೇ ಅಡ್ಡಹೆಸರು ಪಡೆದ ಇಂಜಿನ್ನು, 425 ಕುದುರೆ ಎಂದು ಕಂಪನಿಯೇ ಬಹಿರಂಗವಾಗಿ ಹೇಳಿಕೊಂಡದ್ದು, ಒಂದು ಡಾಕ್ಟರ ಕಾರಿನ ಹಿಂದೆ ನಿಲ್ಲುವುದೆಂದರೇನು? ಸವಾಲು, ಪ್ರತಿಸವಾಲುಗಳಾದವು, ಬ್ಯೂಕು ಹೆಮಿಗಳು ಡ್ರ್ಯಾಗ್ ಸ್ಟ್ರಿಪ್ಪಿನ ಮೇಲೆ ಎದುರಾದವು. ಯಾರು ಗೆದ್ದರು ಎಂಬುದು ನೀವು ಯಾವ ಪಕ್ಷದವರನ್ನು ಕೇಳುತ್ತೀರಿ ಎಂಬುದರ ಮೇಲಿದೆ. ಸೋತವರ ಪ್ರಕಾರ ಗೆದ್ದವರ ಕಾರಿನೊಳಗೆ ಏನೋ ಇತ್ತು. ಆ ಕಾಲದ ಚರಿತ್ರೆ ನೋಡಿದರೆ ಅನುಮಾನ ಪಡುವವರನ್ನು ತಪ್ಪೆನ್ನಲಾಗದು.

ಮಾನ್ಯತೆ ಸಿಕ್ಕಿದ ಮೇಲೆ ಬ್ಯೂಕಿನ ಸಂಸಾರವೇ ಬದಲಾಯಿತು. ಒಳ್ಳೆಯ ಸ್ಥಿತಿಯ ಸ್ಟೇಜ್ 1 ಜಿಎಸ್‌ಎಕ್ಸ್ ಈಗ ಹರಾಜಿನಲ್ಲಿ ಲಕ್ಷ ಡಾಲರು ದಾಟುತ್ತದೆ. ಹೆಮಿ ಪಕ್ಷದವರು ಇದಕ್ಕೆ ನಗುತ್ತಾರೆ. 1971ರ ಹೆಮಿ ಕುಡಾ ಕನ್ವರ್ಟಿಬಲ್ ಒಂದು 2014ರಲ್ಲಿ 35 ಲಕ್ಷ ಡಾಲರಿಗೆ ಹೋಗಿದೆ. ಪಟ್ಟಿಯಲ್ಲಿ ಯಾರ ಹಿಂದೆ ನಿಂತರೂ ಬ್ಯಾಂಕಿನಲ್ಲಿ ಅವರೇ ಮುಂದೆ. 678 ಕಾರುಗಳ ವಂಶವೂ ಪವಾಡದಂತೆ ಬೆಳೆಯುತ್ತಿದೆ. ಬ್ಯೂಕಿನದೇ ಸ್ಕೈಲಾರ್ಕ್ ಎಂಬ ಮಾಮೂಲಿ ಕಾರಿಗೆ ಹಳದಿ ಬಣ್ಣ ಹೊಡೆದು, ಪಟ್ಟೆ ಅಂಟಿಸಿ, ಬಾನೆಟ್ಟಿಗೆ ಟ್ಯಾಕೋಮೀಟರು ಮೊಳೆ ಹೊಡೆದರೆ ಆಯಿತು. ಇದನ್ನು ನಕಲಿ ಎಂದು ಕರೆಯುವುದು ಅಸಭ್ಯತೆ, ಮಾರುವವರು ‘ಟ್ರಿಬ್ಯೂಟ್’ ಎನ್ನುತ್ತಾರೆ.

ಹಾಗಾಗಿ ಕೊಳ್ಳಲು ಬಂದವರು ಈಗ ಕಾರನ್ನು ನೋಡುವುದಿಲ್ಲ. ಹುಲ್ಲಿನ ಮೇಲೆ ಮಂಡಿಯೂರಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕಡ್ಡಿಗೆ ಸಿಕ್ಕಿಸಿದ ಪುಟ್ಟ ಕನ್ನಡಿ ಹಿಡಿದು, ಇಂಜಿನ್ ಬ್ಲಾಕಿನ ಮೇಲೆ ಕಾರ್ಖಾನೆಯವರು ಗುದ್ದಿದ ಅಕ್ಷರ ಹುಡುಕುತ್ತಾರೆ. ಎಸ್‌ಎಸ್ ಎಂದಿದ್ದರೆ ಸ್ಟೇಜ್ 1. ಅಲ್ಲಿನ ಸಂಖ್ಯೆ ಕಾರಿನ ಸಂಖ್ಯೆಗೆ ತಾಳೆಯಾದರೆ ಮುಖ ಅರಳುತ್ತದೆ, ಬೆಲೆ ಏರುತ್ತದೆ. ಆಗದಿದ್ದರೆ ಅದೇ ಇಂಜಿನ್ನು, ಅದೇ ವೇಗ, ಅರ್ಧ ಬೆಲೆಯೆಂದು ಚೌಕಾಶಿ. 401ನ್ನು 400 ಎಂದು ಬರೆದ, ಗಾತ್ರದ ಜಾಗದಲ್ಲಿ ಟಾರ್ಕು ಅಂಟಿಸಿದ, ನಾನೂರು ಕುದುರೆಗೆ 360 ಎಂದು ಸಹಿ ಹಾಕಿದ ಕಂಪನಿಯ ಸಂಖ್ಯೆಯ ಮುಂದೆ ಐವತ್ತು ವರ್ಷದ ಮೇಲೆ ಈ ಸಾಷ್ಟಾಂಗ.

ಇವರನ್ನೆಲ್ಲ ಒಟ್ಟಿಗೆ ನೋಡಬೇಕಿದ್ದರೆ ಆಗಸ್ಟಿನ ಮೂರನೆಯ ಶನಿವಾರ ಡೆಟ್ರಾಯಿಟಿನ ಉತ್ತರಕ್ಕೆ ವುಡ್‌ವರ್ಡ್ ಅವೆನ್ಯೂಗೆ ಹೋಗಬೇಕು. 1995ರಲ್ಲಿ ಫರ್ನ್‌ಡೇಲ್ ಎಂಬ ಊರಿನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ದುಡ್ಡು ಕೂಡಿಸಲೆಂದು ಶುರು ಮಾಡಿದ ಹಳೆ ಕಾರುಗಳ ಮೆರವಣಿಗೆ ಈಗ ಪಾಂಟಿಯಾಕ್ ಊರಿನವರೆಗೂ ಹಬ್ಬಿದೆ. ಅರವತ್ತರ ದಶಕದಲ್ಲಿ ರಾತ್ರಿ ಹೊತ್ತು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಪಂದ್ಯ ಕಟ್ಟುತ್ತಿದ್ದ ರಸ್ತೆ ಅದು. ಈಗ ಅದೇ ಹುಡುಗರು ಮಂಡಿಗೆ ಪಟ್ಟಿ ಕಟ್ಟಿಕೊಂಡು, ಮಡಿಚುವ ಕುರ್ಚಿಯಲ್ಲಿ ಕೂತು, ಗಂಟೆಗೆ ಹತ್ತು ಮೈಲಿಯ ಟ್ರಾಫಿಕ್ಕಿನಲ್ಲಿ ತೆವಳುವ ಹೆಮಿಗಳನ್ನು ನೋಡುತ್ತಾರೆ. ಟ್ರಾಯ್, ನೊವಾಯ್, ಫಾರ್ಮಿಂಗ್ಟನ್ ಹಿಲ್ಸ್ ಕಡೆಯ ನಮ್ಮ ಕನ್ನಡದ ಎಂಜಿನಿಯರುಗಳೂ ಟೊಯೋಟಾ ಕ್ಯಾಮ್ರಿಯನ್ನು ದೂರ ನಿಲ್ಲಿಸಿ ನಡೆದು ಬರುತ್ತಾರೆ, ಆರು ತಿಂಗಳ ವೀಸಾದ ಮೇಲೆ ಊರಿಂದ ಬಂದ ಅತ್ತೆ ಮಾವಂದಿರನ್ನು ಕರೆದುಕೊಂಡು. ಹಳದಿ ಬ್ಯೂಕೊಂದರ ಮುಂದೆ ಪಂಚೆ, ಮೇಲೊಂದು ಸ್ವೆಟರು ಹಾಕಿದ ಹಿರಿಯರೊಬ್ಬರು ಅಳಿಯನ ಜತೆ ನಿಂತಿದ್ದರು.

“ಅಳಿಯಂದ್ರೇ, ಇದು ಎಷ್ಟು ಕೊಡುತ್ತೆ, ಸ್ವಲ್ಪ ಕೇಳಿ.”

“ಇಂಥಾ ಕಾರಿಗೆ ಅದನ್ನೆಲ್ಲ ಕೇಳಬಾರದು ಮಾವ.”

“ಕೇಳಿದ್ರೆ ಏನಂತೆ? ಬೇಜಾರು ಮಾಡ್ಕೋತಾರಾ?”

ಕಾರಿನ ಯಜಮಾನ ಬೇಜಾರು ಮಾಡಿಕೊಳ್ಳಲಿಲ್ಲ. ಗ್ಯಾಲನ್ನಿಗೆ ಎಂಟು ಮೈಲಿ ಎಂದು ಎದೆಯುಬ್ಬಿಸಿ ಹೇಳಿದ. ಅಳಿಯ ಮನಸ್ಸಿನಲ್ಲೇ ಭಾಗಿಸಿ, ಲೀಟರಿಗೆ ಮೂರೂವರೆ ಎಂದ.

“ಮೂರೂವರೆ? ನಮ್ಮ ಕೆಎಸ್ಸಾರ್ಟಿಸಿ ಬಸ್ಸು ಐವತ್ತು ಜನಾನ ಕೂರಿಸ್ಕೊಂಡು ಐದರ ಹತ್ರ ಕೊಡುತ್ತಲ್ರೀ. ಇದಕ್ಕೆ ಅಷ್ಟೊಂದು ಹೆಸರು ಹೇಗೆ ಬಂತು?”

“ಪತ್ರಿಕೆಯವರು ಬರೆದ್ರು ಮಾವ, ತುಂಬಾ ವೇಗ ಅಂತ.”

“ಪೆಟ್ರೋಲು ಅವರೇ ಹಾಕಿಸ್ತಾರೇನು?”

ಪತ್ರಿಕೆಯವರ ಕಷ್ಟ ಈಗ ಬೇರೆಯೇ ಇದೆ. ಶೋಧಿಸಲು ಎಲೆಮರೆಯ ಕಾಯಿಗಳು ಮುಗಿಯುತ್ತ ಬಂದಿವೆ. ‘ಕಡೆಗಣಿಸಲ್ಪಟ್ಟ ಹತ್ತು ಮಸಲ್ ಕಾರುಗಳು’ ಎಂಬ ಲೇಖನ ವರ್ಷವರ್ಷವೂ ಬರುತ್ತದೆ, ವರ್ಷವರ್ಷವೂ ಹೆಚ್ಚುಕಡಿಮೆ ಅವೇ ಹತ್ತು. ಮೂವತ್ತು ಸಲ ಕಡೆಗಣಿಸಲ್ಪಟ್ಟಿದೆಯೆಂದು ಅಚ್ಚಾದ ಕಾರನ್ನು ಕಡೆಗಣಿಸುವುದು ಈಗ ಕುರುಡನಿಗೂ ಅಸಾಧ್ಯ. ಅಮೆರಿಕನ್ ಮೋಟಾರ್ಸ್ ಎಂಬ ಪುಟ್ಟ ಕಂಪನಿಯ ಕಾರುಗಳಿಗೆ ಈ ಪಟ್ಟಿಯಲ್ಲಿ ಖಾಯಂ ಮೀಸಲಾತಿ. ಅದರಲ್ಲೂ 1970ರ ರೆಬೆಲ್ ಮಷೀನ್ ಎಂಬ ಕೆಂಪು, ಬಿಳಿ, ನೀಲಿ ಬಾವುಟ ಹೊದ್ದ ಕಾರು. ಅದರ ಜಾಹೀರಾತೇ ಒಪ್ಪಿಕೊಂಡಿತ್ತು: ಇದು ಕಾರ್ವೆಟ್ಟಿನಷ್ಟು, ಹೆಮಿಯಷ್ಟು ವೇಗದ್ದಲ್ಲ, ಆದರೆ ಫೋಕ್ಸ್‌ವ್ಯಾಗನ್ನಿಗಿಂತ, ನಿಧಾನದ ಗೂಡ್ಸ್ ರೈಲಿಗಿಂತ, ನಿಮ್ಮಪ್ಪನ ಕ್ಯಾಡಿಲಾಕಿಗಿಂತ ವೇಗ. ಆ ಯುಗವಿಡೀ ಹುಡುಕಿದರೂ ಇಷ್ಟು ನಿಜ ಹೇಳಿದ ಜಾಹೀರಾತು ಇನ್ನೊಂದು ಸಿಗುವುದು ಕಷ್ಟ. ಕಾರು ಮಾರಾಟವಾದದ್ದು ಎರಡು ಸಾವಿರದ ಆಸುಪಾಸು.

ಕಚ್ಚಾ ಮಾಲಿನ ಈ ಬರಗಾಲದಲ್ಲಿ ಪತ್ರಿಕೆಗಳ ಕಣ್ಣು ಎತ್ತ ಹೊರಳಿದೆ ಗೊತ್ತೇ? ವೆಗಾದ ಕಡೆಗೆ. 1975 ಮತ್ತು 76ರಲ್ಲಿ ಇಂಗ್ಲೆಂಡಿನ ಕಾಸ್‌ವರ್ತ್ ಕಂಪನಿಯ ಕೈಚಳಕದ ಇಂಜಿನ್ನು ಹಾಕಿದ ಕಾಸ್‌ವರ್ತ್ ವೆಗಾ ಬಂದಿತ್ತು. ಒಂದು ಕೊಳ್ಳಲು ಎರಡು ವೆಗಾದ ಬೆಲೆ ಕೊಡಿ ಎಂದು ಜಾಹೀರಾತೇ ಹೆಮ್ಮೆಯಿಂದ ಹೇಳುತ್ತಿತ್ತು. ಜನ ಒಂದರ ಬೆಲೆಗೇ ಸಾಕೆನ್ನುತ್ತಿದ್ದ ಕಾಲದಲ್ಲಿ ಅದು ಹೇಗೆ ಹೋದೀತು? 3,508 ಕಟ್ಟಿ ನಿಲ್ಲಿಸಿದರು. ಈಗ ಅದನ್ನು ಕಾಲಕ್ಕಿಂತ ಮುಂದಿದ್ದ, ಯಾರಿಗೂ ಅರ್ಥವಾಗದೆ ಹೋದ ಕಾರು ಎಂದು ಹೊಗಳುವ ಲೇಖನಗಳು ಬರುತ್ತಿವೆ. ವೆಗಾ ವಂಶಕ್ಕೆ ಒಮ್ಮೆ ‘ವರ್ಷದ ಕಾರು’ ಕಿರೀಟ ಇಟ್ಟದ್ದುಂಟಲ್ಲ ಸ್ವಾಮಿ, ಮತ್ತೆ ಕಡೆಗಣಿಸಿದ್ದು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಹೌದು, ಇಟ್ಟಿದ್ದರು, 1971ರಲ್ಲಿ. ಆ ಸಂಚಿಕೆ ಅಟ್ಟದ ಮೇಲಿದೆ, ಬೇಕಾದವರು ಏಣಿ ತಂದುಕೊಳ್ಳಬೇಕು.